ಐದು ನಿಮಿಷ ಅಂದಿದ್ದೆ

ಪುಟ್ಟಿ,

ಪುಣೆ ತಲುಪಿದೆ ಅಂತ ಅಮ್ಮನ ಫೋನಿಗೆ ಮಾತ್ರ ಮೆಸೇಜ್ ಹಾಕಿದ್ದೀಯ. ಸರಿ. ಹೊರಡುವ ಹಿಂದಿನ ರಾತ್ರಿಯ ಜಗಳವನ್ನು ಮತ್ತೆ ಕೆದಕಲ್ಲ. ಕುವೆಂಪು ಕುಲಪತಿಯಾಗಿ 1960ರಲ್ಲಿ ಮಾನಸಗಂಗೋತ್ರಿ ಕಟ್ಟಲಿಲ್ವಾ, ನಾನು ಲ್ಯಾಬ್ ಬಿಟ್ಟು ಕುಲಸಚಿವನಾಗಿದ್ದು ತಪ್ಪಾ ಅಂತ ದೊಡ್ಡದಾಗಿ ವಾದಿಸಿದೆ. ‘ಅವರು ಬರೆಯೋದು ಬಿಟ್ಟಿರಲಿಲ್ಲ ಅಪ್ಪ’ ಅಂದೆ ನೀನು. ಕುಕ್ಕರಹಳ್ಳಿ ಕೆರೆ ಎರಡು ಸುತ್ತು ಹಾಕಿದರೂ ಅದಕ್ಕೆ ಉತ್ತರ ಸಿಗಲಿಲ್ಲ.

ನನ್ನನ್ನು ಕಾಡುತ್ತಿರುವುದು ಬೇರೆ. ನಿನಗಾಗ ಎಂಟೋ ಒಂಬತ್ತೋ. ಶನಿವಾರ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಫ್ಲಾಸ್ಕಿನಲ್ಲಿ ಬಿಸಿ ಆಕ್ಸಾಲಿಕ್ ಆಸಿಡ್, ಮೇಲೆ ಅಳತೆಯ ಗೆರೆಗಳಿದ್ದ ಬ್ಯೂರೆಟ್ ನಳಿಕೆಯಲ್ಲಿ ನೇರಳೆ ಬಣ್ಣದ ಪರ್ಮಾಂಗನೇಟ್. ನೀನು ಸ್ಟೂಲ್ ಹತ್ತಿ ಹನಿ ಹನಿಯಾಗಿ ಬಿಡುತ್ತಿದ್ದೆ. ಮೊದಲ ಹನಿಯ ಬಣ್ಣ ನಿಧಾನಕ್ಕೆ ಹೋಯಿತು. ಆಮೇಲೆ ಬಿದ್ದ ಹನಿಯೆಲ್ಲ ತಕ್ಷಣ ಮಾಯ. ‘ಯಾಕಪ್ಪಾ?’ ಅಂದೆ. ಹೇಳಲು ಬಾಯಿ ತೆಗೆದೆ, ಅಟೆಂಡರ್ ಬಂದ. ಅರ್ಜೆಂಟ್ ಫೈಲು, ಸಹಿ ಬೇಕು. ‘ಐದೇ ನಿಮಿಷ. ನಾನು ಬರೋವರೆಗೂ ನಿಲ್ಲಿಸಬೇಡ’ ಅಂದು ಹೋದೆ.

ಬಂದಾಗ ಮುಕ್ಕಾಲು ಗಂಟೆ ಆಗಿತ್ತು. ಬ್ಯೂರೆಟ್ ಖಾಲಿ. ಫ್ಲಾಸ್ಕಿನಲ್ಲಿ ನೇರಳೆಹಣ್ಣಿನ ಬಣ್ಣ. ನಿನ್ನ ಬೆರಳೆಲ್ಲ ಕಂದು. ರಾತ್ರಿ ಅಮ್ಮ ನಿಂಬೆಹಣ್ಣು ಹಾಕಿ ಉಜ್ಜಿದಳು, ನನ್ನ ಹತ್ತಿರ ಮಾತಾಡಲಿಲ್ಲ. ಆಸಿಡ್ ಪಕ್ಕ ಮಗುವನ್ನು ಒಬ್ಬಳೇ ಬಿಟ್ಟು ಹೋದೆನಲ್ಲ! ಅದೂ ‘ನಿಲ್ಲಿಸಬೇಡ’ ಅಂತ. ಕೆಮಿಸ್ಟ್ರಿ ಮೇಷ್ಟ್ರು ಹೇಳುವ ಮಾತಾ ಅದು?

ಆ ‘ಯಾಕೆ’ಗೆ ಈಗ ಉತ್ತರ ಕೊಡುತ್ತೇನೆ, ನಿನಗೆ ಗೊತ್ತಿದ್ದರೂ. ಮೊದಲ ಹನಿಗಳಿಂದ ಹುಟ್ಟುವ ಮ್ಯಾಂಗನೀಸೇ ಮುಂದಿನದಕ್ಕೆ ವೇಗ ಕೊಡುತ್ತದೆ. ಪುಣೆಯ ನಿನ್ನ ಹೊಸ ಲ್ಯಾಬೂ ಹಾಗೇ, ಶುರುವಿನಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತೆ. ರೀಡಿಂಗನ್ನು ಚೀಟಿಯಲ್ಲಿ ಬರೆಯಬೇಡ, ನೋಟ್‌ಬುಕ್ಕಿನಲ್ಲೇ ಬರಿ. ರಾತ್ರಿ ಒಬ್ಬಳೇ ಕೆಲಸ ಮಾಡಬೇಡ. ಕಮಿಟಿಗೆ ಕರೆದರೆ ಸುಮ್ನೆ ತಲೆ ಆಡಿಸಬೇಡ. ಹೊತ್ತಿಗೆ ಊಟ ಮಾಡು. ನೋಡು, ಪಾಠ ಶುರುವಾಯಿತು.

ಆದರೆ ಬರೀ ಕುರ್ಚಿ ಬಿಸಿ ಮಾಡಿದೆ ಅಂದುಕೊಳ್ಳಬೇಡ. ಮದ್ದೂರು ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಮನೆ ಸೋರಿ ಮಾರ್ಕ್ಸ್ ಕಾರ್ಡ್ ಮುದ್ದೆಯಾಗಿತ್ತು, ಮಾರನೇ ದಿನ ಇಂಟರ್‌ವ್ಯೂ. ಸಂಜೆ ಏಳರವರೆಗೆ ನಾನೇ ಧೂಳಲ್ಲಿ ಕೂತು ಹಳೇ ಲೆಡ್ಜರ್ ಹುಡುಕಿದೆ. ನಕಲು ಪ್ರತಿಗೆ ಸಹಿ ಹಾಕಿದಾಗ ಆದ ಖುಷಿ ಸುಳ್ಳಲ್ಲ. ನೀನು ನನ್ನ ಹಾಗೆ ಲ್ಯಾಬ್ ಬಿಡದಿದ್ದರೆ ಇನ್ನೂ ಜಾಸ್ತಿ ಖುಷಿ, ಅದೂ ಸುಳ್ಳಲ್ಲ.

ಅವತ್ತು ಗುಲಾಬಿ ಬಣ್ಣ ಮೊದಲ ಸಲ ಮಾಯವಾಗದೆ ಉಳಿದಾಗ ನೀನು ಬ್ಯೂರೆಟ್ಟಿನ ರೀಡಿಂಗ್ ನೋಡಿಟ್ಟುಕೊಂಡಿದ್ದೆ. ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ ಎರಡು ಸಲ ಹೇಳಿದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಷ್ಟಿತ್ತು ಪುಟ್ಟಿ? ನೆನಪಿದ್ದರೆ ಫೋನ್ ಮಾಡಿ ಹೇಳು.

ಅಪ್ಪ