ದೋಣಿಯೊಳಗಿನ ಸದ್ದು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ರಾತ್ರಿ ದೋಣಿಯಲ್ಲಿ ಎಲ್ಲೋ ‘ಗುರ್ರ್’ ಅಂತ ಸದ್ದಾಗಿ ಎರಡೇ ಸೆಕೆಂಡಿಗೆ ನಿಲ್ಲುತ್ತದೆ, ಹಲಗೆ ಎತ್ತಿ ನೋಡಿ ನೋಡಿ ಸಾಕಾಯಿತು ಅಂತ ಬರೆದಿದ್ದೀಯ. ಹಲಗೆ ಎಲ್ಲ ಮುಚ್ಚಿಬಿಡು. ದೋಣಿಯ ಒಡಲು ಮೃದಂಗದ ಹಾಗೆ. ಹಿಂದೆ ಹುಟ್ಟಿದ ಸದ್ದು ಮುಂದೆ ನಿನ್ನ ದಿಂಬಿನ ಕೆಳಗೇ ಕೇಳುತ್ತದೆ. ಎಲ್ಲಿಂದ ಅನ್ನುವುದಕ್ಕಿಂತ ಮೊದಲು ಯಾವಾಗ ಅನ್ನುವುದನ್ನು ಹಿಡಿ. ಒಂದು ರಾತ್ರಿ ಸದ್ದಾದ ಹೊತ್ತನ್ನೆಲ್ಲ ಬರೆದಿಡು.

ಆಮೇಲೆ ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿ ಕಾಯಿ. ಸದ್ದು ನಿಂತರೆ ಕುಡಿಯುವ ನೀರಿನ ಪಂಪಿನ ಮೇಲೆ ಅನುಮಾನ ಪಡು. ನಲ್ಲಿಗಳೆಲ್ಲ ಮುಚ್ಚಿದ್ದರೂ ಪೈಪಿನಲ್ಲಿ ಒತ್ತಡ ಇಳಿದರೆ ಅದು ತಾನಾಗಿ ಒಂದು ಗಳಿಗೆ ಓಡುತ್ತದೆ. ಮೇನ್ ಮತ್ತೆ ಆನ್ ಮಾಡು. ಪಂಪಿನಿಂದ ನೀರು ಹೊರಡುವ ಕಡೆ ವಾಲ್ವ್ ಇದ್ದರೆ, ಪಂಪ್ ನಿಂತ ಕೂಡಲೇ ಅದನ್ನು ಮುಚ್ಚು. ಆದರೂ ಮತ್ತೆ ಓಡಿತೋ, ಪಂಪಿನ ಒಳಗಿನ ವಾಲ್ವೇ ನೀರನ್ನು ಟ್ಯಾಂಕಿಗೆ ವಾಪಸ್ ಬಿಡುತ್ತಿದೆ. ಓಡಲಿಲ್ಲವೋ, ಸೋರಿಕೆ ಮುಂದಿನ ಪೈಪಿನಲ್ಲಿದೆ. ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಸುತ್ತಿಡು. ಕಣ್ಣಿಗೆ ಕಾಣದ ಹನಿಯೂ ಬೆಳಗಾಗುವುದರೊಳಗೆ ಕಾಗದದ ಮೇಲೆ ಒದ್ದೆ ಮಚ್ಚೆ ಮಾಡಿರುತ್ತದೆ. ಗೀಸರಿನ ಸೇಫ್ಟಿ ವಾಲ್ವ್ ಹನಿಯುತ್ತಿದೆಯೇ ನೋಡಲು ಮರೀಬೇಡ.

ಮೇನ್ ಆಫ್ ಆದರೂ ಸದ್ದು ಬಂದರೆ ಬಿಲ್ಜ್ ಪಂಪ್, ಅಂದರೆ ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪ್, ನೋಡು. ನೀರು ಏರಿದಾಗ ತೇಲಿ ಅದನ್ನು ಆನ್ ಮಾಡುವ ಫ್ಲೋಟ್ ಸ್ವಿಚ್ಚಿಗೆ ಸಾಮಾನ್ಯವಾಗಿ ಬ್ಯಾಟರಿಯಿಂದಲೇ ನೇರ ವೈರ್ ಇರುತ್ತದೆ. ಫ್ಯೂಸ್ ಕಿತ್ತು ಪರೀಕ್ಷಿಸು, ಆದರೆ ಮಲಗುವ ಮುಂಚೆ ಹಾಕಲೇಬೇಕು ಮಗಳೇ. ಇದೊಂದರಲ್ಲಿ ಉದಾಸೀನ ಬೇಡ. ಎಷ್ಟೋ ಸಲ ಹೊಸ ನೀರೇ ಬಂದಿರುವುದಿಲ್ಲ: ಪಂಪ್ ನಿಂತಾಗ ನೀರು ಹೊರಹಾಕುವ ಉದ್ದದ ಹೋಸಿನಲ್ಲಿದ್ದ ನೀರು ವಾಪಸ್ ಇಳಿದು ಫ್ಲೋಟನ್ನು ಮತ್ತೆ ಎತ್ತುತ್ತದೆ. ಹಾಗಂತ ಹೋಸಿಗೆ ನೀರು ವಾಪಸ್ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸುವುದು ನನಗೆ ಇಷ್ಟವಿಲ್ಲ. ಕಸ ಸಿಕ್ಕಿ ಅದು ಕಚ್ಚಿಕೊಂಡರೆ ಬೇಕಾದ ಹೊತ್ತಿಗೆ ನೀರು ಹೊರಗೆ ಹೋಗುವುದಿಲ್ಲ. ಹೋಸನ್ನೇ ಗಿಡ್ಡ ಮಾಡು.

ಮೇನ್ ಆಫ್ ಮಾಡಿ, ಬಿಲ್ಜ್ ಪಂಪಿನ ಫ್ಯೂಸ್ ಕಿತ್ತ ಮೇಲೂ ಸದ್ದಿದ್ದರೆ ಅದು ಬಹುಶಃ ಕರೆಂಟಿನದಲ್ಲ. ಅಲೆಗೆ ಸರಿಯಾಗಿ ‘ಧಡ್’ ಅಂದರೆ ಚುಕ್ಕಾಣಿಯನ್ನು ಹಗ್ಗದಲ್ಲಿ ಬಿಗಿದು ನೋಡು. ಗರಗರ ಅಂದರೆ ಲಂಗರಿನ ಸರಪಳಿ ಕಲ್ಲಿಗೆ ಉಜ್ಜುತ್ತಿರಬಹುದು. ಬೆಚ್ಚಗಿನ ಸಮುದ್ರದಲ್ಲಿ ಒಗ್ಗರಣೆ ಸಿಡಿದ ಹಾಗೆ ಚಟಪಟ ಕೇಳಿದರೆ ಅದು ಒಂದು ಜಾತಿಯ ಸಣ್ಣ ಸೀಗಡಿಯ ಸದ್ದು. ದೋಣಿಗೆ ಏನೂ ಆಗಿಲ್ಲ.

ಎಂಜಿನ್ ಹಾಕಿ ದೋಣಿ ಓಡುವಾಗ ಬರುವ ಸದ್ದಿಗೆ ಬೇರೆ ದಾರಿ. ಅದೇ ವೇಗದಲ್ಲಿ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಓಡಿಸು. ಸದ್ದು ಹೋದರೆ ದೋಷ ಹೆಚ್ಚಾಗಿ ಗೇರ್‌ಬಾಕ್ಸಿನಲ್ಲೋ ಅದರ ಹಿಂದೋ ಇದೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ದೋಣಿ ದಡದ ಮೇಲಿದ್ದಾಗ ಪ್ರೊಪೆಲ್ಲರ್ ಹತ್ತಿರ ಅದನ್ನು ತಿರುಗಿಸುವ ದಂಡವನ್ನು, ಅಂದರೆ ಶಾಫ್ಟನ್ನು, ಕೈಯಿಂದ ಅಲುಗಿಸು. 25 ಮಿ.ಮೀ. ಶಾಫ್ಟ್ ಸುಮಾರು 1.5 ಮಿ.ಮೀ. ಆಡಿದರೆ ಅದನ್ನು ಹಿಡಿದಿರುವ ರಬ್ಬರ್ ಬೇರಿಂಗ್ ಸವೆದಿದೆ. ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ಮಾತ್ರ ದೋಣಿ ನೀರಿನಲ್ಲಿರುವಾಗಲೇ ಅಳೆಯಬೇಕು. ದಡಕ್ಕೆ ಎಳೆದರೆ ಒಡಲು ಸ್ವಲ್ಪ ಬಾಗುತ್ತದೆ, ಅಳತೆ ಸುಳ್ಳಾಗುತ್ತದೆ. ಬೋಲ್ಟ್ ಬಿಚ್ಚಿ, ಅದರ ಎರಡು ಬಿಲ್ಲೆಗಳ (ಫ್ಲ್ಯಾಂಜ್) ನಡುವಿನ ಸಂದಿಗೆ ನಾಲ್ಕು ಕಡೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಪಟ್ಟಿ, ತೂರಿಸು. 100 ಮಿ.ಮೀ. ಅಗಲದ ಫ್ಲ್ಯಾಂಜಿನಲ್ಲಿ ವ್ಯತ್ಯಾಸ 0.1 ಮಿ.ಮೀ. ಮೀರಬಾರದು.

ಓಡುತ್ತಿರುವ ಎಂಜಿನ್ನಿನಲ್ಲಿ ಸದ್ದು ಹುಟ್ಟುವ ಜಾಗ ಹಿಡಿಯಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಡು. ಜಡೆ ಬಿಗಿಯಾಗಿ ಕಟ್ಟಿಕೊ, ದುಪ್ಪಟ್ಟಾ ತೆಗೆದಿಡು.

ಬರೆದಿಟ್ಟ ಹೊತ್ತುಗಳ ಪಟ್ಟಿ ಕಳಿಸು, ನಾನೂ ನೋಡುತ್ತೇನೆ.

ನಿನ್ನ ಅಮ್ಮ