ಸುಲಿಗೆಯಾದ ಬೈಕಿಗೆ ಕ್ಲೇಮ್ ಇಲ್ಲ ಎಂಬ ನಿಮ್ಮ ಪತ್ರದ ಬಗ್ಗೆ ದೂರು

ಶಾಖಾ ಮ್ಯಾನೇಜರ್ ಅವರಿಗೆ,
ವಾಹನ ವಿಮೆ ವಿಭಾಗ, ಹುಬ್ಬಳ್ಳಿ

ಸರ್,

ಫೋನ್ ಮಾಡಿ ಸಮಾಧಾನವಾಗಿ ಕೇಳಿದ್ದೆಲ್ಲ ಆಯಿತು, ಈಗ ಬರೆದೇ ಕೊಡುತ್ತಿದ್ದೇನೆ. "ಪಾಲಿಸಿಯಲ್ಲಿರುವುದು ಕಳವು, ನಿಮ್ಮ ಎಫ್‌ಐಆರ್‌ನಲ್ಲಿರುವುದು ಸುಲಿಗೆ" ಅಂತ ಒಂದೇ ಸಾಲು ಬರೆದು ನನ್ನ ಕ್ಲೇಮ್ ತಳ್ಳಿಹಾಕಿದ್ದೀರಿ.

ಗಬ್ಬೂರು ಬೈಪಾಸ್ ಹತ್ತಿರ ರಾತ್ರಿ ಇಬ್ಬರು ಅಡ್ಡಗಟ್ಟಿದರು. ಒಬ್ಬ ಕುತ್ತಿಗೆಗೆ ಚಾಕು ಹಿಡಿದ, ಇನ್ನೊಬ್ಬ ಕೀಲಿ ಕಿತ್ತುಕೊಂಡ, ಬೈಕ್ ಹೋಯಿತು. ಅದೇ ರಾತ್ರಿ ಎಫ್‌ಐಆರ್ ಆಗಿದೆ.

ಮೊನ್ನೆ ನಿಮ್ಮ ಆಫೀಸಿಗೆ ಬಂದಾಗ ಕ್ಲೇಮ್ ನೋಡುವವರು ನನ್ನನ್ನು ಕೂರಿಸಲೂ ಇಲ್ಲ. ಎಫ್‌ಐಆರ್ ಪ್ರತಿಯನ್ನು ಪೆನ್ನಿನ ತುದಿಯಿಂದ ಸರಿಸುತ್ತಾ "ಎರಡೂ ಕೀಲಿ ಕೊಡ್ರಿ" ಅಂದರು. ಮನೆಯಲ್ಲಿದ್ದ ಒಂದನ್ನು ಟೇಬಲ್ ಮೇಲಿಟ್ಟೆ. "ಇನ್ನೊಂದು?" "ಕಳ್ಳರೇ ಒಯ್ದರು ಸರ್." ಆಗ ಅವರು ಹಿಂದಿನ ಸಾಲಿನವರಿಗೂ ಕೇಳುವ ಹಾಗೆ, "ಚಾಕು ನೋಡಿ ನೀವ ಕೊಟ್ಟಿರಬೇಕು. ಕೀಲಿ ಕೈಯಾಗ ಕೊಟ್ಟಮ್ಯಾಲೆ ಅದು ಕಳವು ಹೆಂಗ ಆಗ್ತದ್ರಿ?" ಅಂದರು. ಹಿಂದೆ ಯಾರೋ ನಕ್ಕರು. ಸಾಲದ್ದಕ್ಕೆ, "ಸ್ಟೇಷನ್‌ಗೆ ಹೋಗಿ ಬರೇ ಕಳವು ಅಂತ ಬರೆಸ್ಕೊಂಡು ಬರ್ರಿ" ಅಂತ ಸಲಹೆ ಬೇರೆ. ಅಂದರೆ ಚಾಕು ಹಿಡಿದದ್ದನ್ನು ನಾನು ಮುಚ್ಚಿಡಬೇಕು, ಅಲ್ವಾ?

ನಿಮಗೆ ಗೊತ್ತಿರಲೇಬೇಕಾದ ಕಾನೂನು ಇದು. ನಿಲ್ಲಿಸಿದ ಬೈಕನ್ನು ಯಾರೂ ಇಲ್ಲದಾಗ ಒಯ್ದರೆ ಅದು ಕಳವು, ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 303. ಹೊಡೆದು, ತಡೆದು ಅಥವಾ ಈಗಲೇ ಹೊಡೆಯುವ ಭಯ ಹುಟ್ಟಿಸಿ ಒಯ್ದರೆ ಸುಲಿಗೆ, 309. ಕಳವಿಗೆ ಮೂರು ವರ್ಷದವರೆಗೆ ಜೈಲು, ಸುಲಿಗೆಗೆ ಹತ್ತು, ಅದೂ ಹೆದ್ದಾರಿಯಲ್ಲಿ ಸೂರ್ಯ ಮುಳುಗಿದ ಮೇಲೆ ಹುಟ್ಟುವುದರೊಳಗೆ ಆದರೆ ಹದಿನಾಲ್ಕು ವರ್ಷದವರೆಗೆ. ಸುಲಿಗೆ ಎಂದರೆ ಅದರಲ್ಲಿ ಕಳವು ಅಥವಾ ಬೆದರಿಸಿ ನಮ್ಮ ಕೈಯಿಂದಲೇ ಕೊಡಿಸಿಕೊಳ್ಳುವುದು ಇದ್ದೇ ಇರುತ್ತದೆ ಅಂತ 309 ಶುರುವಾಗುವುದೇ ಹಾಗೆ. ನನ್ನ ಕೀಲಿ ಅವನು ಕಿತ್ತುಕೊಂಡದ್ದು, ನಾನು ಕೊಟ್ಟದ್ದಲ್ಲ, ಹಾಗಾಗಿ ಈ ಸುಲಿಗೆಯಲ್ಲಿ ಕಳವೂ ಇದೆ. ಕಳವಿಗಿಂತ ದೊಡ್ಡ ಅಪರಾಧ ನನ್ನ ಮೇಲೆ ನಡೆದಿದೆ ಅಂತ ಕಳವಿನ ವಿಮೆಯನ್ನೇ ಕೊಡುವುದಿಲ್ಲ ಅನ್ನುವುದು ಯಾವ ನ್ಯಾಯ?

ಕಂಪನಿಗೆ ನಾನು ತಡವಾಗಿ ತಿಳಿಸಿದೆ ಎಂಬ ಕಾರಣವನ್ನೂ ಫೋನಿನಲ್ಲಿ ಹೇಳಿದಿರಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ್ದೊಂದನ್ನೇ ಹಿಡಿದು ಕ್ಲೇಮ್ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಹದಿನೈದು ದಿನದೊಳಗೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಬೈಕಿಗೆ ನಮೂದಿಸಿದ ಬೆಲೆಯ ಹಣ ಕೊಡಿ. ಇಲ್ಲವಾದರೆ ವಿಮೆ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಅಥವಾ ಧಾರವಾಡದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕಳವು ಅಂತ ಬರೆಸಿಕೊಂಡು ಬರಲು ಹೇಳಿದ ಮಾತನ್ನು ಪ್ರಮಾಣಪತ್ರದಲ್ಲಿ ಬರೆಯುತ್ತೇನೆ, ಅದಕ್ಕೆ ಆ ಟೇಬಲ್ಲಿನವರೇ ಉತ್ತರ ಕೊಡಬೇಕಾಗುತ್ತದೆ.

ಇಂತಿ,
ನಿಮ್ಮ ಪಾಲಿಸಿದಾರ