ಗಂಜಲ ಚರಂಡಿಗೆ, ರೈತ ಯೂರಿಯಾ ಸಾಲಿಗೆ

ಸಂಪಾದಕರಿಗೆ,

ಮಾನ್ಯರೇ,

ಹಾಲಿನ ದರ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ತಮ್ಮ ಪತ್ರಿಕೆಯ ಈ ಅಂಕಣದಲ್ಲಿ ಪರ-ವಿರೋಧದ ಪತ್ರಗಳು ಪ್ರಕಟವಾಗುತ್ತವೆ. ಲೀಟರಿಗೆ ಎಷ್ಟು ಏರಬೇಕು, ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸಕಾಲಕ್ಕೆ ಏಕೆ ಬರುವುದಿಲ್ಲ, ಬೂಸಾ ಮತ್ತು ಹಿಂಡಿಯ ಬೆಲೆ ಎಲ್ಲಿಗೆ ಮುಟ್ಟಿದೆ ಎಂಬ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಡೇರಿಗೆ ಹಾಲು ಹಾಕುತ್ತಿರುವ ನನಗೆ, ಈ ಚರ್ಚೆ ಗೋದಲಿಯಲ್ಲಿ ಆರಂಭವಾಗಿ ಕೆಚ್ಚಲಿನಲ್ಲಿ ಮುಗಿದುಹೋಗುತ್ತದೆ, ಹಸುವಿನ ಹಿಂದಿನ ಮೋರಿಯವರೆಗೆ ಬರುವುದೇ ಇಲ್ಲ ಎಂದು ತೋರುತ್ತದೆ. ಆ ಮೋರಿಯಲ್ಲಿ ಹರಿದುಹೋಗುವ ಗೊಬ್ಬರದ ಬಗ್ಗೆ ಬರೆಯಲು ಅವಕಾಶ ಕೋರುತ್ತೇನೆ.

2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ಯೂರಿಯಾ ಸಿಗದೆ ರೈತರು ಅಂಗಡಿಗಳ ಮುಂದೆ ಸಾಲುಗಟ್ಟಿದ್ದು ಓದುಗರಿಗೆ ನೆನಪಿರಬಹುದು. ನಾನೂ ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಕ್ಯಾನು ಕೈಯಲ್ಲಿ ಹಿಡಿದೇ ಆ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಮುಂದೆ ನಿಂತವರಲ್ಲಿ ಹೆಚ್ಚಿನವರು ನಮ್ಮ ಹಾಲು ಉತ್ಪಾದಕರ ಸಂಘದ ಸದಸ್ಯರೇ ಆಗಿದ್ದರು, ಒಬ್ಬೊಬ್ಬರ ಮನೆಯಲ್ಲೂ ಎರಡು ಮೂರು ಸೀಮೆ ಹಸುಗಳಿದ್ದವು, ಮತ್ತು ಅದೇ ಹೊತ್ತಿಗೆ ಆ ಮನೆಗಳ ಕೊಟ್ಟಿಗೆ ತೊಳೆದ ನೀರು ಗಂಜಲವನ್ನೂ ಕೂಡಿಸಿಕೊಂಡು ಊರಿನ ಚರಂಡಿಗೆ ಇಳಿಯುತ್ತಿತ್ತು. ನಮ್ಮ ಮನೆಯದೂ ಇಳಿಯುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅಂದು ಮನೆಗೆ ಬಂದು ಹಾಕಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. 45 ಕಿಲೊ ಯೂರಿಯಾ ಚೀಲದಲ್ಲಿರುವ, ಬೆಳೆಗೆ ಬೇಕಾದ ಸಾರಜನಕ (ನೈಟ್ರೋಜನ್), ಶೇ 46ರಂತೆ, ಸುಮಾರು 20 ಕಿಲೊ 700 ಗ್ರಾಂ. 400 ಕಿಲೊ ತೂಗುವ, ದಿನಕ್ಕೆ 10 ಲೀಟರ್ ಕರೆಯುವ ಮಿಶ್ರತಳಿ ಹಸು ಹಸಿಮೇವು, ಒಣಹುಲ್ಲು, ಹಿಂಡಿ, ಬೂಸಾ ಎಲ್ಲ ಸೇರಿ, ನೀರಿನಂಶ ಕಳೆದು, 12 ಕಿಲೊ ಒಣಪದಾರ್ಥ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ 12ರಷ್ಟು ಪ್ರೋಟೀನ್ ಇದ್ದರೆ, ಸಾರಜನಕ ಎಷ್ಟೆಂದು ತಿಳಿಯಲು ಪ್ರೋಟೀನನ್ನು 6.25ರಿಂದ ಭಾಗಿಸುವ ಪಶು ಆಹಾರ ಶಾಸ್ತ್ರದ ವಾಡಿಕೆಯಂತೆ, ದಿನಕ್ಕೆ 230 ಗ್ರಾಂ ಸಾರಜನಕ ಹಸುವಿನ ಹೊಟ್ಟೆ ಸೇರಿತು. 10 ಲೀಟರ್ ಹಾಲಿನಲ್ಲಿ ಹೊರಬಂದು ಡೇರಿಗೆ ಹೋಗುವುದು 50 ಗ್ರಾಂ ಮಾತ್ರ. ಉಳಿದ 180 ಗ್ರಾಂ ಸಗಣಿ ಮತ್ತು ಗಂಜಲದಲ್ಲಿ ಕೊಟ್ಟಿಗೆಯ ನೆಲಕ್ಕೆ ಬೀಳುತ್ತದೆ. ಹಾಲು ಬತ್ತಿದ ತಿಂಗಳುಗಳಿಗೆ ಧಾರಾಳವಾಗಿ ಕಡಿತ ಮಾಡಿದರೂ ವರ್ಷಕ್ಕೆ ಒಂದು ಹಸುವಿನಿಂದ 50 ಕಿಲೊ ಸಾರಜನಕ, ಅಂದರೆ ಸುಮಾರು ಎರಡೂವರೆ ಚೀಲ ಯೂರಿಯಾದಲ್ಲಿರುವಷ್ಟು. ನಮ್ಮ ಮನೆಯ ಮೂರು ಹಸುಗಳ ಲೆಕ್ಕದಲ್ಲಿ ಏಳು ಚೀಲಕ್ಕೂ ಹೆಚ್ಚು. ನಾನು ಸಾಲಿನಲ್ಲಿ ನಿಂತದ್ದು ಎರಡು ಚೀಲಕ್ಕೆ.

ಈ ಸಾರಜನಕದಲ್ಲಿ ಅರ್ಧದಷ್ಟು, ಹಿಂಡಿ ಹೆಚ್ಚಾದರೆ ಅರ್ಧಕ್ಕಿಂತಲೂ ಹೆಚ್ಚು, ಗಂಜಲದಲ್ಲಿರುತ್ತದೆ. ಅದೂ ಬಹುಪಾಲು ಯೂರಿಯಾ ರೂಪದಲ್ಲೇ ಇರುತ್ತದೆ, ನಾವು ಆಧಾರ್ ಕಾರ್ಡ್ ತೋರಿಸಿ ಹೆಬ್ಬೆಟ್ಟು ಒತ್ತಿ ಗೊಬ್ಬರದಂಗಡಿಯಿಂದ ತರುವ ಪದಾರ್ಥವೇ ಅದು. ಗಂಜಲಕ್ಕೆ ಸಗಣಿ ಸೋಕಿದೊಡನೆ ಸಗಣಿಯಲ್ಲಿರುವ ಕಿಣ್ವ ಈ ಯೂರಿಯಾವನ್ನು ಅಮೋನಿಯಾ ಅನಿಲವಾಗಿ ಒಡೆಯುತ್ತದೆ. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಅಡರಿ ಕಣ್ಣುರಿಸುವ ವಾಸನೆ ಅದೇ. ಅದನ್ನು ನಾವು ದನದ ವಾಸನೆ ಎಂದುಕೊಂಡು ಸುಮ್ಮನಾಗುತ್ತೇವೆ, ವಾಸ್ತವದಲ್ಲಿ ಅದು ಹಾರಿಹೋಗುತ್ತಿರುವ ಗೊಬ್ಬರ.

ನಮ್ಮ ತಂದೆಯ ಕಾಲದಲ್ಲಿ ಕೊಟ್ಟಿಗೆಯ ನೆಲ ಮಣ್ಣಿನದಾಗಿತ್ತು. ಗೋದಲಿಯಿಂದ ಎಳೆದು ಚೆಲ್ಲಿದ ರಾಗಿ ಹುಲ್ಲು ದನಗಳ ಕಾಲಡಿ ಬಿದ್ದು ಗಂಜಲ ಹೀರಿಕೊಳ್ಳುತ್ತಿತ್ತು. ವರ್ಷಕ್ಕೊಂದೆರಡು ಬಾರಿ ನೆಲದ ಮೇಲ್ಮಣ್ಣನ್ನೇ ಅಗೆದು, ಮಂಕರಿಯಲ್ಲಿ ಹೊತ್ತು ತಿಪ್ಪೆಗೆ ಸುರಿದು, ಹೊಸದಾಗಿ ಕೆರೆಮಣ್ಣು ತುಂಬುತ್ತಿದ್ದರು. ಆ ಕಾಲವೇ ಚೆನ್ನಾಗಿತ್ತು ಎಂದು ಹೇಳಲು ನಾನು ಬರೆಯುತ್ತಿಲ್ಲ. ಕತ್ತಲೆಯ ಆ ಕೊಟ್ಟಿಗೆಯಲ್ಲಿ ಗೊರಸು ಕೊಳೆಯುತ್ತಿತ್ತು, ಇಂದಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುಗಳನ್ನು ಅಲ್ಲಿ ಕಟ್ಟಿದ್ದರೆ ಕೆಚ್ಚಲು ಬಾವಿನಿಂದ ಒಂದೂ ಉಳಿಯುತ್ತಿರಲಿಲ್ಲ. ಸಿಮೆಂಟು ನೆಲ, ರಬ್ಬರ್ ಮ್ಯಾಟು, ನೀರಿನ ಪೈಪು ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೀರಿಕೊಳ್ಳುವ ನೆಲವನ್ನು ತೆಗೆದ ನಾವು ಅದರ ಕೆಲಸವನ್ನು ಬೇರೆ ಯಾವುದಕ್ಕೂ ವಹಿಸಲಿಲ್ಲ. ಉದ್ಯೋಗ ಖಾತರಿ ಯೋಜನೆಯಡಿ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕಟ್ಟಿದ ಕೊಟ್ಟಿಗೆಗಳನ್ನು ನೋಡಿದ್ದೇನೆ. ಗೋದಲಿ ಇದೆ, ಚಾವಣಿ ಇದೆ; ಗಂಜಲದ ತೊಟ್ಟಿ ಕೆಲವೆಡೆ ಇಲ್ಲವೇ ಇಲ್ಲ, ಕೆಲವೆಡೆ ಒಡೆದು ಅದರಲ್ಲಿ ಕೋಳಿ ಕಾವಿಗೆ ಕೂತಿದೆ.

ಈಗ ಮೇವಿನ ಮಾತು. ಗೊಬ್ಬರವನ್ನೂ ಮೇವನ್ನೂ ಬೇರೆ ಬೇರೆ ವಿಷಯವೆಂದು ನೋಡುವುದರಲ್ಲೇ ನಮ್ಮ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಮೇಲಿನ ಲೆಕ್ಕದ ಪ್ರಕಾರ, ಹಿಂಡಿಯ ಚೀಲದಲ್ಲಿ ಬಂದ ಸಾರಜನಕದ ನಾಲ್ಕರಲ್ಲಿ ಮೂರು ಪಾಲು ಹಾಲಾಗುವುದಿಲ್ಲ. ಹಾಗಾದರೆ ನಾವು ಹಿಂಡಿ ಖರೀದಿಸುವಾಗ, ಹಿಂಡಿಯ ದರ ಕೊಟ್ಟು ಗೊಬ್ಬರವನ್ನೂ ಖರೀದಿಸುತ್ತಿದ್ದೇವೆ. ಅದನ್ನು ಹೊಲಕ್ಕೆ ಮುಟ್ಟಿಸಿದರೆ ಹಣ ಪೂರ್ತಿ ವ್ಯರ್ಥವಾಗಲಿಲ್ಲ. ಚರಂಡಿಗೆ ಬಿಟ್ಟರೆ ಹಾಲಿನ ದರ ಎಷ್ಟು ಏರಿದರೂ ಆ ತೂತು ಮುಚ್ಚುವುದಿಲ್ಲ.

ಹೆಚ್ಚು ಹಿಂಡಿ ಹಾಕಿದರೆ ಹೆಚ್ಚು ಹಾಲು ಎಂಬ ನಂಬಿಕೆಯೂ ಇದಕ್ಕೆ ಸೇರಿಕೊಂಡಿದೆ. ಶರೀರ ಪೋಷಣೆಗೆ ಒಂದೂವರೆ ಕಿಲೊ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೊ ಪಶು ಆಹಾರ ಎಂದು ಪಶುವೈದ್ಯರು ಹೇಳುವ ಲೆಕ್ಕ ಎಲ್ಲರಿಗೂ ಗೊತ್ತು. ಕಳೆದ ವರ್ಷ ಕರು ಹಾಕಿದ ಹಸುವಿಗೆ ನಾನು ಆ ಲೆಕ್ಕಕ್ಕಿಂತ ದಿನಕ್ಕೆ ಒಂದು ಕಿಲೊ ಕಡಲೆಕಾಯಿ ಹಿಂಡಿಯನ್ನು ಮೂರು ವಾರ ಹೆಚ್ಚಾಗಿ ಹಾಕಿದೆ. ಹಾಲು ಅರ್ಧ ಲೀಟರೂ ಏರಲಿಲ್ಲ, ಕೊಟ್ಟಿಗೆಯ ವಾಸನೆ ಮಾತ್ರ ಏರಿತು. ಶಕ್ತಿ ಕೊಡುವ ಆಹಾರ ಸಾಲದೆ ಪ್ರೋಟೀನ್ ಒಂದೇ ಹೆಚ್ಚಾದಾಗ ಹಸುವಿನ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲ ಕೋಣೆಯ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಳ್ಳಲಾರವು. ಮಿಕ್ಕದ್ದು ಅಮೋನಿಯಾ ಆಗಿ ರಕ್ತ ಸೇರಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಗಂಜಲದಲ್ಲಿ ಹೊರಬೀಳುತ್ತದೆ, ಮತ್ತು ಈ ಪರಿವರ್ತನೆಗೆ ಹಸು ತನ್ನದೇ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಆ ಒಂದು ಕಿಲೊ ಹಿಂಡಿಯ ಜಾಗದಲ್ಲಿ ಮುಸುಕಿನ ಜೋಳದ ನುಚ್ಚು ಹಾಕಿದ್ದರೆ ಹಸುವಿಗೂ ನನ್ನ ಜೇಬಿಗೂ ಹಿತವಾಗುತ್ತಿತ್ತು. ಬೂಷ್ಟು ಹಿಡಿದ ಹಿಂಡಿಯ ವಿಷಾಂಶ ಹಾಲಿಗೂ ಇಳಿಯುತ್ತದೆ ಎಂಬುದನ್ನು ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ದಾಸ್ತಾನು ತರುವವರು ನೆನಪಿಡಬೇಕು, ಅದು ಬೇರೆ ಮಾತು.

ಗೊಬ್ಬರ ಉಳಿಸಿಕೊಳ್ಳುವ ದಾರಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1930ರ ದಶಕದಲ್ಲಿ ರೂಪಿಸಿದ ಕಾಂಪೋಸ್ಟ್ ಪದ್ಧತಿ ಇಂದಿಗೂ ಕೃಷಿ ಪಠ್ಯಗಳಲ್ಲಿ ‘ಬೆಂಗಳೂರು ವಿಧಾನ’ ಎಂದೇ ಕರೆಯಲ್ಪಡುತ್ತದೆ. ಕೊಟ್ಟಿಗೆ ಗೊಬ್ಬರಕ್ಕೆ ಅದೇ ಜಾಡಿನ ಕ್ರಮವೆಂದರೆ, ಮೂರು ಅಡಿ ಆಳ, ಐದಾರು ಅಡಿ ಅಗಲದ ಕಾಲುವೆಯಂಥ ಗುಂಡಿಯನ್ನು ಒಂದು ತುದಿಯಿಂದ ತುಂಬುತ್ತಾ ಬಂದು, ಗಂಜಲ ಹೀರಿದ ಹುಲ್ಲನ್ನೂ ಸಗಣಿಯನ್ನೂ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ಗುಮ್ಮಟದಂತೆ ಪೇರಿಸಿ, ಮೇಲೆ ಮಣ್ಣು-ಸಗಣಿಯ ರಾಡಿಯಿಂದ ಸಾರಿಸಿ ಮುಚ್ಚುವುದು. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ವಿಷಯ ಮರೆಮಾಚುವವರನ್ನು ‘ತಿಪ್ಪೆ ಸಾರಿಸುತ್ತಾನೆ’ ಎಂದು ನಾವು ಹಂಗಿಸುತ್ತೇವೆ. ಊರಿನಲ್ಲಿ ಆ ಕೆಲಸ ಬಾಯಲ್ಲಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ತಿಪ್ಪೆಯನ್ನು ನಿಜವಾಗಿ ಸಾರಿಸುವವರು ಒಬ್ಬರೂ ಕಾಣಲಿಲ್ಲ. ಬಯಲಿನ ತಿಪ್ಪೆ ಬಿಸಿಲಿಗೆ ಒಣಗಿ, ಮಳೆಗೆ ತೊಳೆದು, ನೊಣಕ್ಕೆ ತವರಾಗಿ, ಕೊನೆಗೆ ಹೊಲಕ್ಕೆ ಹೋಗುವಾಗ ಕಪ್ಪು ಮಣ್ಣಾಗಿರುತ್ತದೆ. ಹೊಲದಲ್ಲಿ ಗುಡ್ಡೆ ಹಾಕಿದ ಮೇಲಾದರೂ ಅಂದೇ ಹರಡಿ ಉಳುವುದು ಬಿಟ್ಟು, ಯುಗಾದಿಗೆ ಇಳಿಸಿದ್ದನ್ನು ಮುಂಗಾರು ಬರುವವರೆಗೆ ಬಿಸಿಲಿಗೆ ಬಿಡುತ್ತೇವೆ.

ಗೋಬರ್ ಗ್ಯಾಸ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಅನಿಲ ಉರಿಸಿದರೆ ಗೊಬ್ಬರದ ಸತ್ವ ಹೋಗುತ್ತದೆ ಎನ್ನುತ್ತಾರೆ. ಉರಿಯುವುದು ಇಂಗಾಲ ಮತ್ತು ಜಲಜನಕದ ಅನಿಲ, ಸಾರಜನಕ ಅನಿಲ ತೆಗೆದ ಮೇಲೆ ಹೊರಬರುವ ಸಗಣಿ ನೀರಿನ ಬಗ್ಗಡದಲ್ಲೇ ಉಳಿಯುತ್ತದೆ. ದಿನಕ್ಕೆ 50 ಕಿಲೊ ಸಗಣಿ, ಅಷ್ಟೇ ನೀರು ಹಾಕಿದರೆ ಎರಡು ಘನ ಮೀಟರಿನಷ್ಟು ಅನಿಲ ಬರುತ್ತದೆ, ಮೂರ್ನಾಲ್ಕು ಹಸು ಇರುವ ಮನೆಯ ಅಡುಗೆಗೆ ಅಷ್ಟು ಸಾಕು. ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಸ್ಥಾಪಿಸಿದ ‘ಅಸ್ತ್ರ’ ವಿಭಾಗದವರು ಇಡೀ ಊರಿನ ಸಗಣಿಯಿಂದ ಅನಿಲ ತೆಗೆದು, 1987ರಿಂದ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ನೀರನ್ನೂ ಒದಗಿಸಿದ್ದರು. ಆ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸಿದ್ದು ವಿದ್ಯುತ್ತಲ್ಲ, ಅಲ್ಲಿನ ವ್ಯವಹಾರದ ಕ್ರಮ: ಪ್ರತಿ ಮನೆಯ ಸಗಣಿಯನ್ನು ತೂಗಿ ಪಡೆದು, ತೂಕಕ್ಕೆ ತಕ್ಕಂತೆ ಬಗ್ಗಡವನ್ನು ಹಿಂದಿರುಗಿಸುತ್ತಿದ್ದರು. ನಮ್ಮ ರಾಜ್ಯದಲ್ಲೇ ಸಗಣಿಯನ್ನು ಹಾಲಿನಂತೆ ತೂಗಿದ ಊರೊಂದಿತ್ತು.

ಛತ್ತೀಸಗಡದಲ್ಲಿ 2020ರಲ್ಲಿ ಸರ್ಕಾರವೇ ಕಿಲೊಗೆ 2 ರೂಪಾಯಿಯಂತೆ ಸಗಣಿ ಖರೀದಿಸಲು ಆರಂಭಿಸಿದಾಗ, ಇಲ್ಲಿಯೂ ಹಾಗೆ ಮಾಡಬೇಕೆಂದು ಕೆಲವರು ಬಯಸಿದ್ದರು. ಭೂಮಿಯಿಲ್ಲದೆ ಹಸು ಕಟ್ಟಿದವರಿಗೆ ಅದು ಆಸರೆಯಾದೀತು. ಹೊಲ ಇರುವವರು ಸಗಣಿ ಮಾರುವುದನ್ನು ನಾನು ಒಪ್ಪುವುದಿಲ್ಲ. ಈಗಲೇ ನಮ್ಮ ಬಯಲುಸೀಮೆಯ ಗೊಬ್ಬರ ಲಾರಿಗಳಲ್ಲಿ ಶುಂಠಿ ಹೊಲಗಳಿಗೂ ಮಲೆನಾಡಿನ ಅಡಿಕೆ ತೋಟಗಳಿಗೂ ಹೋಗುತ್ತಿದೆ, ಲೋಡಿನ ಲೆಕ್ಕದಲ್ಲಿ ಮಾರಾಟವಾಗುವ ಅದರಲ್ಲಿ ಗೊಬ್ಬರವೆಷ್ಟು ಮಣ್ಣೆಷ್ಟು ಎಂದು ಕೇಳುವವರಿಲ್ಲ, ಮಾರಿದವನ ತೆಂಗಿನ ಮರ ಮಾತ್ರ ಬುಡದಲ್ಲಿ ಬರಿದಾಗಿ ನಿಂತಿದೆ.

ನಾನು ಮಾಡಿಕೊಂಡಿರುವ ವ್ಯವಸ್ಥೆ ಬಹಳ ಸಣ್ಣದು. ಕೊಟ್ಟಿಗೆಯ ನೆಲಕ್ಕೆ ನಾಲ್ಕು ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಡಿಸಿ, ಮೋರಿಯ ಕೊನೆಯಲ್ಲಿ 200 ಲೀಟರಿನ ಹಳೆಯ ಡ್ರಮ್ಮನ್ನು ಕತ್ತಿನವರೆಗೆ ಹೂತಿದ್ದೇನೆ. ಮೊದಲು ಸಗಣಿ ಬಾಚಿ, ಆಮೇಲೆ ನೀರು ಬಿಡುವುದು ಎಂಬ ನಿಯಮವನ್ನು ಮನೆಯಾಕೆ ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ತಿಪಟೂರಿನ ಕಡೆಯ ನಾರಿನ ಘಟಕಗಳಲ್ಲಿ ಸಿಗುವ ತೆಂಗಿನ ನಾರಿನ ಪುಡಿಯನ್ನು ರಾತ್ರಿ ಮೋರಿಗೆ ಹರಡಿದರೆ ಅದು ಹೀರುವಷ್ಟು ಗಂಜಲವನ್ನು ಯಾವ ಹುಲ್ಲೂ ಹೀರದು. ಡ್ರಮ್ಮಿನ ಗಂಜಲಕ್ಕೆ ಹತ್ತು ಪಟ್ಟು ನೀರು ಬೆರೆಸಿ ಮೂರು ಗುಂಟೆ ನೇಪಿಯರ್ ಮೇವಿನ ಹುಲ್ಲಿಗೆ ಬಿಡುತ್ತೇನೆ. ಆ ಹುಲ್ಲಿಗೆ ಕಳೆದ ಮುಂಗಾರಿನ ನಂತರ ಒಂದು ಹಿಡಿ ಯೂರಿಯಾವನ್ನೂ ಹಾಕಿಲ್ಲ.

ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಈ ಮಾತೆತ್ತಿದಾಗ, ‘ಡೇರಿಯಲ್ಲಿ ಹಾಲಿಗೆ ನೋಡುವಂತೆ ಸಗಣಿಗೂ ಫ್ಯಾಟ್ ನೋಡಬೇಕೇನು ಯಜಮಾನರೇ’ ಎಂದು ಒಬ್ಬರು ಎಲ್ಲರನ್ನೂ ನಗಿಸಿದರು. ನೋಡಬೇಕೆಂಬುದೇ ನನ್ನ ಬೇಡಿಕೆ. ಪ್ರೋತ್ಸಾಹಧನವನ್ನು ಒಂದು ಪೈಸೆಯೂ ಇಳಿಸಬಾರದು. ಅದರ ಹೊರತಾಗಿ, ಹಾಲು ಒಕ್ಕೂಟಗಳು ಮೇವು ಕತ್ತರಿಸುವ ಚಾಫ್ ಕಟರಿಗೂ ಹಾಲು ಕರೆಯುವ ಯಂತ್ರಕ್ಕೂ ಕೊಡುವ ಸಹಾಯಧನದ ಪಟ್ಟಿಗೆ ಗಂಜಲದ ತೊಟ್ಟಿಯನ್ನೂ ತಿಪ್ಪೆಗುಂಡಿಯ ಚಾವಣಿಯನ್ನೂ ಸೇರಿಸಬೇಕು. ಸರ್ಕಾರದ ಅನುದಾನದ ಕೊಟ್ಟಿಗೆಗಳಿಗೆ ಕೊನೆಯ ಕಂತು ಬಿಡುಗಡೆ ಮಾಡುವ ಮೊದಲು ತೊಟ್ಟಿಯಲ್ಲಿ ಒಂದು ದಿನ ನೀರು ನಿಲ್ಲಿಸಿ ನೋಡಬೇಕು. ತಾಲ್ಲೂಕಿಗೊಂದರಂತಾದರೂ ಮಣ್ಣು ಪರೀಕ್ಷಾ ಕೇಂದ್ರದಲ್ಲಿ, ರೈತ ತಂದ ಒಂದು ಕಿಲೊ ತಿಪ್ಪೆಗೊಬ್ಬರದ ಸಾರಜನಕ ಎಷ್ಟೆಂದು ಪರೀಕ್ಷಿಸಿ, ಬಿತ್ತನೆಗೆ ಮೊದಲೇ ಬರೆದುಕೊಡುವ ಏರ್ಪಾಡು ಆಗಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಾಲು ಉತ್ಪಾದಕ,
ತುರುವೇಕೆರೆ ತಾಲ್ಲೂಕು, ತುಮಕೂರು ಜಿಲ್ಲೆ